ಗುರುಬಾಯಿ ಬರೆದ ಆರು ಸಾಲು

ಹೋದ ವಾರ ನಾನೊಂದು ಹೆಣ್ಣುಮಕ್ಕಳ ಶಾಲೆ ಮುಚ್ಚಿಸಿದೆ. ಯಾರನ್ನೂ ಬೈಯಲಿಲ್ಲ, ಯಾರ ಮೇಲೂ ಕೈ ಎತ್ತಲಿಲ್ಲ. ಒಂದಿಷ್ಟು ಕೆಂಪು ಮಸಿ ಖರ್ಚಾಯಿತು, ಅಷ್ಟೇ.

ನಂಬಲಿಕ್ಕೆ ಕಷ್ಟವೇ? ನನಗೂ ಕಷ್ಟವಾಗಿದೆ. ನಾಲ್ಕು ದಿನದಿಂದ ಕೂತಲ್ಲಿ ಕೂಡಲಾಗುತ್ತಿಲ್ಲ. ಪಾಠ ಮಾಡುತ್ತ ಮಾಡುತ್ತ ಕಿಟಕಿಗೆ ಹೋಗಿ ನಿಲ್ಲುತ್ತೇನೆ. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು ಅಂಗಳಕ್ಕೆ ಹೋಗಿ ಬರುತ್ತೇನೆ. "ಕಾಲಿಗೇನ್ ಚಕ್ರ ಕಟ್ಕೊಂಡೀರೇನು? ರೊಟ್ಟಿ ಆರಾಕತ್ತಾವ" ಎಂದು ಮನೆಯಾಕೆ ಗದರಿಸಿಯೂ ಆಯಿತು.

ಎರಡು ವಾರದ ಹಿಂದೆ ಈ ಪತ್ರಿಕೆಯ ಇದೇ ಜಾಗದಲ್ಲಿ ನಾನು ಇಂಗ್ಲಿಷಿನ ಪರವಾಗಿ ಒಂದು ಭಾಷಣವನ್ನೇ ಬಿಗಿದಿದ್ದೆ. ನೆನಪಿದೆಯಲ್ಲ? ಇಂಗ್ರೇಜರು ಇವತ್ತೋ ನಾಳೆಯೋ ಗಂಟು ಕಟ್ಟುತ್ತಾರೆ, ಕಟ್ಟಲಿ. ಅವರ ಭಾಷೆಯನ್ನು ಮಾತ್ರ ಇಲ್ಲೇ ಇಟ್ಟು ಹೋಗಲಿ ಎಂದು ಬರೆದಿದ್ದೆ. ಇಪ್ಪತ್ತೆರಡು ವರ್ಷದಿಂದ ವಿಜಾಪುರದ ಹೈಸ್ಕೂಲಿನಲ್ಲಿ ಅದನ್ನೇ ಕಲಿಸಿ ಹೊಟ್ಟೆ ಹೊರೆಯುವವನು ಇನ್ನೇನು ಬರೆದಾನು? ಅದಕ್ಕೆ ಇಟ್ಟಂಗಿಹಾಳದ ಓದುಗರೊಬ್ಬರು ಕಾರ್ಡು ಹಾಕಿದ್ದರು: "ಮಾಸ್ತರ, ಇಂಗ್ರೇಜರು ಹೋಗೂ ಗಾಡ್ಯಾಗ ನಿಮಗೂ ಒಂದು ಜಾಗಾ ಹಿಡದಿಡತೀವಿ." ಓದಿ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ಆ ಭಾಷಣ ಅಚ್ಚಾಗಿ ಬಂದ ವಾರವೇ, ಭಾನುವಾರ ಬೆಳಿಗ್ಗೆ, ಗುರುಬಾಯಿ ನಮ್ಮ ಮನೆಗೆ ಬಂದಳು.

ಗುರುಬಾಯಿ ತಿಕೋಟಾದವಳು. ಅವರಪ್ಪ ಅಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದ. ಮಗಳನ್ನು ಇಂಗ್ಲಿಷ್ ಶಾಲೆಗೆ ಕಳಿಸಬೇಕೆಂದು ಹಟ ಹಿಡಿದು, ಇಲ್ಲಿ ಅವಳ ಸೋದರತ್ತೆಯ ಮನೆಯಲ್ಲಿ ಇಟ್ಟು ಓದಿಸಿದ. ಇಡೀ ವರ್ಗದಲ್ಲಿ ಮೂವರೇ ಹುಡುಗಿಯರು, ಅವರಲ್ಲಿ ಇವಳೊಬ್ಬಳು. ಇಂಗ್ಲಿಷ್ ಮೂರನೇ ಇಯತ್ತೆ ಮುಗಿಯುವ ಹೊತ್ತಿಗೆ ಅಪ್ಪ ತೀರಿಕೊಂಡ, ಇವಳ ಲಗ್ನವಾಯಿತು, ಶಾಲೆ ಬಿಟ್ಟುಹೋಯಿತು. ಮುಂದೆ ಗಂಡನೂ ಹೋದ. ಎದೆಗುಂದದೆ ಕನ್ನಡ ಪರೀಕ್ಷೆ ಕಟ್ಟಿ ಪಾಸಾದಳು. ಈಗ ಬಬಲೇಶ್ವರದ ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರು. ಶಾಲೆ ಎಂದರೆ ದೊಡ್ಡದೇನಲ್ಲ. ಒಂದು ಕೋಣೆ, ಒಬ್ಬ ಅಕ್ಕೋರು, ಮೂವತ್ತೊಂದು ಹುಡುಗಿಯರು.

ಇವಳನ್ನು ನಾನು ಮರೆತವನಲ್ಲ. ಮೊದಲ ಮೂರು ಇಯತ್ತೆಗೆ ನಾನು ಕಲಿಸುವ ರೀತಿಯೇ ಬೇರೆ. ಪುಸ್ತಕ ಮುಚ್ಚಿಡುತ್ತೇನೆ. ಕಣ್ಣಿಗೆ ಕಂಡದ್ದನ್ನು ಹೇಳಿಸುತ್ತೇನೆ, ಬಾಯಲ್ಲಿ ಹೇಳಿದ್ದನ್ನು ಮಾಡಿಸುತ್ತೇನೆ. ಇದು ಬಾಗಿಲು. ನಾನು ಬಾಗಿಲು ತೆರೆಯುತ್ತೇನೆ. ಇದು ಖಡು. ನಾನು ಖಡು ಒಡೆಯುತ್ತೇನೆ. (ಸೀಮೆಸುಣ್ಣ ಹಾಳಾಗುತ್ತದೆಂದು ಖಡು ಒಡೆಯುವ ಪಾಠಕ್ಕೆ ಮಾತ್ರ ಹೆಡ್‌ಮಾಸ್ತರರ ಆಕ್ಷೇಪಣೆಯಿದೆ.) ಒಂದು ಬೇಸಿಗೆಯ ಮಧ್ಯಾಹ್ನ ಇದೇ ಗುರುಬಾಯಿಗೆ "ಓಪನ್ ದ ಡೋರ್" ಎಂದೆ. ಅವಳು ಏಳಲೇ ಇಲ್ಲ. ಕೂತಲ್ಲಿಂದಲೇ "ನೋ ಸರ್, ಡಸ್ಟ್ ಈಸ್ ಕಮಿಂಗ್" ಎಂದಳು.

ಹೊರಗೆ ನಿಜವಾಗಿಯೂ ಧೂಳು ಎದ್ದಿತ್ತು. ವರ್ಗವೆಲ್ಲ ಹೋ ಎಂದು ನಕ್ಕಿತು. ನಾನು ನಗಲಿಲ್ಲ. ಕಲಿಸಿದ್ದನ್ನು ತಿರುಗಿ ಒಪ್ಪಿಸುವ ಇಂಗ್ಲಿಷನ್ನು ದಿನಾ ಕೇಳುತ್ತಿದ್ದೆ. ತನಗೆ ಬೇಕಾದ್ದನ್ನು ಹೇಳಲು ಒಂದು ಮಗು ಬಾಯಿಬಿಟ್ಟ ಇಂಗ್ಲಿಷನ್ನು ಅವತ್ತೇ ಮೊದಲು ಕೇಳಿದ್ದು. ನಾನು ಆ ಭಾಷೆಗೆ ಮನಸೋತದ್ದೂ ಇದಕ್ಕೇ ಅಲ್ಲವೇ? ನಾಲ್ಕು ಮಾತಿನಲ್ಲಿ ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗಿಬಿಡುತ್ತದೆ, ಆಚೆಗೊಂದು ಈಚೆಗೊಂದು ಮಾತಿಲ್ಲ. ಅವತ್ತು ಮನೆಗೆ ಹೋಗಿ ಇವಳ ಮಾತನ್ನು ಹೆಂಡತಿಗೂ ಹೇಳಿದ್ದೆ.

ಆ ಗುರುಬಾಯಿ ಭಾನುವಾರ ಬಂದು ಕೂತಳು. ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುವ ಮೋಟರಿನಲ್ಲಿ ಬಂದದ್ದು, ಮುಖದ ಮೇಲೆ ಮಸಿ ಇತ್ತು. ಚಹಾ ಕುಡಿಯುವ ಮೊದಲೇ ಚೀಲದಿಂದ ಒಂದು ಕಾಗದ ತೆಗೆದಳು.

"ಮಾಸ್ತರ, ನಮ್ಮ ಸಾಲಿ ಖೋಲಿ ಖಾಲಿ ಮಾಡ್ರಿ ಅಂತ ಹುಕುಂ ಬಂದೈತ್ರಿ. ಸರಕಾರ ರೈತರ ಕಡಿಂದ ಎತ್ತಿದ ಲೆವ್ಹಿ ಜ್ವಾಳ ಇಡಾಕ ಬೇಕಂತ."

"ಹುಡುಗ್ಯಾರು?"

"ಗಂಡಹುಡುಗರ ಸಾಲಿ ಕಟ್ಟಿ ಮ್ಯಾಲೆ ಕುಂಡ್ರಸ್ರಿ ಅಂತ ಹುಕುಂ ತಂದವರು ಅಂತಾರ. ಆ ಕಟ್ಟಿ ಸಂತಿ ಎದುರಿಗೆ ಐತಿ. ಸಂತಿಗೆ ಬಂದ ಮಂದಿ ಎಲ್ಲಾ ಅದರ ಮ್ಯಾಲೆನ ಎಲಿ ಅಡಿಕಿ ಹಾಕ್ಕೋತ ಕುಂತಿರ್ತಾರ. ಯಾವ ತಾಯಿ ಕಳಸ್ತಾಳ್ರಿ ಅಲ್ಲಿಗೆ? ಈ ಖೋಲಿ ಹೋತಂದ್ರ ಸಾಲಿನ ಹೋತು. ಒಂದೊಂದು ಹುಡುಗೀನ ಸಾಲಿಗೆ ತರಾಕ ಎಷ್ಟ ಸಲ ಅವರ ಮನಿ ಹೊಚ್ಚಲ ತುಳದೇನಿ ಅನ್ನೂದು ನನಗ ಗೊತ್ತು."

ಹುಕುಂ ಹೊರಡಿಸಿದ ವಿಜಾಪುರ ಕಚೇರಿಯ ಸಾಹೇಬರು ಗುಜರಾತದ ಕಡೆಯವರು, ಕನ್ನಡ ಬಾರದು. ಕನ್ನಡದ ಕಾಗದ ಕಚೇರಿಯಲ್ಲಿ ಭಾಷಾಂತರವಾಗಿ ಮೇಲೆ ಹೋಗುವಷ್ಟರಲ್ಲಿ ಜೋಳವನ್ನು ಹುಳ ತಿಂದಿರುತ್ತದೆ. ಅದಕ್ಕೇ ತಾನೇ ಇಂಗ್ಲಿಷಿನಲ್ಲಿ ಬರೆದುಕೊಂಡು, ತಿದ್ದಿಸಲು ತಂದಿದ್ದಳು. ಒಟ್ಟು ಆರು ಸಾಲು. ಕನ್ನಡದಲ್ಲಿ ಹೇಳಿದರೆ ಇಷ್ಟು:

ಇದು ಶಾಲೆ. ಇಲ್ಲಿ ಮೂವತ್ತೊಂದು ಹುಡುಗಿಯರು ಕೂಡುತ್ತಾರೆ. ಸಂತೆಯ ಕಟ್ಟೆಯ ಮೇಲೆ ಅವರು ಕೂಡುವುದಿಲ್ಲ. ಅವರ ತಾಯಿಯರು ಅಲ್ಲಿಗೆ ಕಳಿಸುವುದಿಲ್ಲ. ನಾನು ಕೀಲಿಕೈ ಕೊಡುವುದಿಲ್ಲ. ಬಂದು ನೋಡಿ.

ಕೊನೆಯ ಸಾಲು, "ಕಮ್ ಅಂಡ್ ಸೀ." ಕೆಳಗೆ ಹೆಸರು. ಮುಗಿಯಿತು.

ನಾನು ಏನು ಮಾಡಬೇಕಿತ್ತು? ಬೆನ್ನು ತಟ್ಟಿ, ಟಪಾಲಿಗೆ ಹಾಕು ಅನ್ನಬೇಕಿತ್ತು. ಏನು ಮಾಡಿದೆ? "ಅಯ್ಯ ತಂಗೀ, ಸಾಹೇಬರಿಗೆ ಹಿಂಗ ಬರೀತಾರೇನು? ಬಂದು ನೋಡು ಅಂತ? ಅವರೇನು ನಿನ್ನ ಸ್ವಾದರಮಾವ ಏನು?" ಎಂದು ನಕ್ಕು, ಕೆಂಪು ಮಸಿಯ ದೌತಿ ಎಳೆದುಕೊಂಡೆ.

ಓದುಗರಲ್ಲಿ ಮ್ಯಾಟ್ರಿಕ್ ಮುಟ್ಟಿದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೇ ಇಯತ್ತೆಯಿಂದ ನಮ್ಮಲ್ಲಿ ಅರ್ಜಿಯ ಪಾಠ ಶುರುವಾಗುತ್ತದೆ. ಪರೀಕ್ಷೆಯಲ್ಲಿ ತಪ್ಪದೆ ಬರುವ ಪ್ರಶ್ನೆ ಅದು. ನನ್ನ ವಿದ್ಯಾರ್ಥಿಗಳು ಅದರಲ್ಲಿ ಎಂದೂ ಅಂಕ ಕಳೆದುಕೊಂಡವರಲ್ಲ. (ಈ ಮಾತು ನನ್ನ ಹೆಮ್ಮೆಯಾಗಿತ್ತು.) "ಐ ಮೋಸ್ಟ್ ಹಂಬ್ಲಿ ಅಂಡ್ ರಿಸ್ಪೆಕ್ಟ್‌ಫುಲಿ ಬೆಗ್" ಎಂದು ಶುರುಮಾಡಬೇಕು. ಅತ್ಯಂತ ವಿನಮ್ರನಾಗಿ, ಗೌರವಪೂರ್ವಕವಾಗಿ ಬೇಡುತ್ತೇನೆ ಎಂದು ಅದರ ಅರ್ಥ. ನಡುವೆ ನಾಲ್ಕು ಸಲ "ಕೈಂಡ್ಲಿ" ಬರಬೇಕು. ಕೊನೆಗೆ, ನಿಮ್ಮ ಅತ್ಯಂತ ವಿಧೇಯ ಸೇವಕ. ಸೇವಕನಾಗದೆ ಸಹಿ ಮಾಡುವ ಹಾಗೇ ಇಲ್ಲ.

ಗುರುಬಾಯಿ ಈ ಪಾಠ ಬರುವ ಮೊದಲೇ ಶಾಲೆ ಬಿಟ್ಟವಳು.

ಪಾಪ, ಪಾಠ ಒಂದು ಉಳಿದುಬಿಟ್ಟಿದೆ ಅಂದುಕೊಂಡು ನಾನೇ ತುಂಬಿಕೊಟ್ಟೆ. ಆರು ಸಾಲು ಒಂದೂಕಾಲು ಪುಟವಾಯಿತು. "ಕೀಲಿಕೈ ಕೊಡುವುದಿಲ್ಲ" ಅನ್ನುವುದು, "ತಮಗೆ ಅನುಕೂಲವಿದ್ದಲ್ಲಿ ಕೀಲಿಕೈಯನ್ನು ಈ ಕೆಳಗೆ ಸಹಿ ಮಾಡಿದವಳ ಬಳಿ ಇರಗೊಡಬೇಕಾಗಿ ಪ್ರಾರ್ಥನೆ" ಎಂದಾಯಿತು. "ಕಮ್ ಅಂಡ್ ಸೀ" ಮೇಲೆ ಅಡ್ಡಗೆರೆ ಎಳೆದೆ. ಎರಡು ಗೆರೆ.

ಗುರುಬಾಯಿ ತಿದ್ದಿದ್ದನ್ನು ಬೆರಳಿಟ್ಟು ನಿಧಾನವಾಗಿ ಓದಿದಳು. ಆಮೇಲೆ ಕೇಳಿದಳು. "ಮಾಸ್ತರ, ಇದರಾಗ ಕೊಡಂಗಿಲ್ಲ ಅನ್ನೂದು ಎಲ್ಲೈತ್ರಿ?"

"ಅದ, ಒಳಗ ಅದ. ಓದಿದವರಿಗೆ ತಿಳೀತದ."

"ಹೌದ್ರಿ?"

"ನಾ ಹೇಳಾಕತ್ತೀನಲ್ಲ."

ಗುರುವಿನ ಮಾತು. ನಂಬಿದಳು. ಅಲ್ಲೇ ಕೂತು ಅಂದವಾಗಿ ನಕಲು ತೆಗೆದು, ಹೋಗುವಾಗ ಟಪಾಲಿಗೆ ಹಾಕಿದಳು. ನಾನು ಅವತ್ತು ಮಧ್ಯಾಹ್ನ ಹಾಯಾಗಿ ನಿದ್ದೆ ಮಾಡಿದೆ.

ಮುಂದಿನ ಗುರುವಾರ ಅವಳ ಕಾರ್ಡು ಬಂತು. ಕನ್ನಡದಲ್ಲಿತ್ತು. "ಉತ್ತರ ಬಂದೈತಿ. ಅನುಕೂಲ ಇಲ್ಲಂತ. ಕೀಲಿಕೈ ಒಯ್ದಾರ. ನೀವು ತ್ರಾಸು ಮಾಡಿಕೊಂಡು ಬರೂದು ಬ್ಯಾಡ." ಒಂದು ಬೈಗುಳ ಇರಬಾರದಿತ್ತೇ ಅದರಲ್ಲಿ?

ಮನೆಯಾಕೆಗೆ ಓದಿ ಹೇಳಿದೆ. ನಾನು ತಿದ್ದಿಕೊಟ್ಟ ಅರ್ಜಿಯನ್ನೂ ಕನ್ನಡ ಮಾಡಿ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ಕೇಳಿದಳು. "ನೀವು ನನ್ನ ಕೂಡ ಜಗಳಾ ಆಡೂವಾಗ ಒಮ್ಮೆರೆ ಅನುಕೂಲ ಇದ್ರ ಅಂದೀರೇನು?"

ಅಂಗಳಕ್ಕೆ ಹೋದೆ.

ಶುಕ್ರವಾರ ನಮ್ಮ ಹುಡುಗರು ಹರತಾಳ ಮಾಡಿ ಶಾಲೆ ಬಿಡಿಸಿದರು. (ಈ ವರ್ಷ ಹರತಾಳಗಳಿಗೇನು ಬರವೇ?) ಬರಬೇಡ ಎಂದಿದ್ದರೂ ನಾನು ಬಬಲೇಶ್ವರದ ಮೋಟರ್ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆಯುತ್ತಿದ್ದೆ, ತಿದ್ದುತ್ತಿದ್ದೆ. ನನ್ನ ಚಟ.

ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಛಾವಣಿ ಮುಟ್ಟುವಂತೆ ಚೀಲ ಒಟ್ಟಿದ್ದರು. ಗೋಡೆಯ ಮೇಲಿನ ನಕಾಶೆಯ ಮೇಲರ್ಧ ಮಾತ್ರ ಕಾಣುತ್ತಿತ್ತು. ಹೊರಗೆ, ಬಾಗಿಲಿಗೆ ನಾಲ್ಕು ಮಾರು ದೂರದಲ್ಲಿ, ಬೇವಿನ ಗಿಡದ ಕೆಳಗೆ ಗುರುಬಾಯಿ ಹುಡುಗಿಯರನ್ನು ನೆಲದ ಮೇಲೆ ಕೂಡಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದಳು. ಎಣಿಸಿದೆ. ಒಂಬತ್ತು. ಇನ್ನೊಮ್ಮೆ ಎಣಿಸಿದೆ. ಹೆಚ್ಚಾಗಲಿಲ್ಲ.

ಗಿಡದ ಆಚೆ ಬದಿಗೆ ಮಾಬೂಬಿ ಎಂಬ ತಾಯಿ, ಆ ಒಂಬತ್ತರಲ್ಲಿ ಒಬ್ಬಳಾದ ತನ್ನ ಮಗಳನ್ನು ಎಬ್ಬಿಸಿ ಕೈ ಹಿಡಿದು ನಿಂತಿದ್ದಳು. ಮಗಳನ್ನು ಕರೆದೊಯ್ಯಲು ಬಂದವಳು. "ಅಕ್ಕೋರ, ನಿಮ್ಮ ಮುಖಾ ನೋಡಿ ಕಳಸಿದ್ನಿ. ಬಾಗಲಾ ಹಾಕ್ಕೊಂಡು ಕಲಸ್ತೀರಿ ಅಂತ ಕಳಸಿದ್ನಿ. ಬಯಲಾಗ ಕಳಸಂಗಿಲ್ರಿ. ಅವರಪ್ಪ ನನ್ನ ಮನ್ಯಾಗ ಇಟ್ಕೊಳ್ಳಂಗಿಲ್ಲ" ಎನ್ನುತ್ತಿದ್ದಳು. ಹುಡುಗಿ ಪಾಟಿಯನ್ನು ಎದೆಗವಚಿ ನೆಲ ನೋಡುತ್ತಿದ್ದಳು. ಎಂಟಾಯಿತು.

ಅಷ್ಟರಲ್ಲಿ ಕೋಣೆಯೊಳಗಿಂದ ಒಬ್ಬ ಬಂದು ನನ್ನ ಕಾಲಿಗೆ ಬಿದ್ದ. ಚೀಲಗಳ ಲೆಕ್ಕ ಬರೆಯಲು ಸಾಹೇಬರ ಕಚೇರಿಯಿಂದ ಬಂದ ಕಾರಕೂನ. "ಗುರ್ತಾ ಹತ್ತಲಿಲ್ಲೇನ್ರಿ ಮಾಸ್ತರ? ನಾ ಹಣಮಂತ. ಮ್ಯಾಟ್ರಿಕ್ ತನಕ ನಿಮ್ಮ ಕೈಯಾಗ ಕಲ್ತಾಂವ. ಅಕ್ಕೋರ ಅರ್ಜಿ ಓದಿದ ಕೂಡ್ಲೆ ಅಂದ್ನಿ, ಇದು ನಮ್ಮ ಮಾಸ್ತರ ಕೈ ಅಂತ. ಏನ್ ಇಂಗ್ಲಿಷ್ರಿ ಅದು! ಸಾಹೇಬರು ಭಾಳ ಖುಷಿ ಆದ್ರು. ಅರ್ಜಿ ಅಂದ್ರ ಹಿಂಗಿರಬೇಕು, ತಗದಿಡ್ರಿ ಅಂದ್ರು."

"ಖೋಲಿ ಯಾಕ ಕೊಡಲಿಲ್ಲಪಾ ಮತ್ತ?"

ಹಣಮಂತ ಪ್ರಾಮಾಣಿಕವಾಗಿ ಗೊಂದಲಕ್ಕೆ ಬಿದ್ದ. "ಅನುಕೂಲ ಇದ್ರ ಅಂತ ಕೇಳಿದ್ರು. ಇರಲಿಲ್ಲ. ಉತ್ತರ ನಾನ ಬರದ್ನಿ, ಸಾಹೇಬರು ಸಹಿ ಮಾಡಿದ್ರು. ಅದರಾಗ ತಪ್ಪೇನರ ಇತ್ತೇನ್ರಿ?"

ತಪ್ಪು ಇರಲಿಲ್ಲ. ಅವನ ಇಂಗ್ಲಿಷಿನಲ್ಲಿ ತಪ್ಪು ಇರುವುದೇ ಇಲ್ಲ. ನಾನು ಏಳು ವರ್ಷ ಕಲಿಸಿದ ಹುಡುಗ.

ಗುರುಬಾಯಿಯ ಹತ್ತಿರ ಹೋದೆ. ದಾರಿಯುದ್ದಕ್ಕೂ ತಯಾರಿಸಿದ ಮಾತು ಬಿಟ್ಟು, "ಇನ್ನೊಂದು ಬರದು ಕೊಡ್ತೀನಿ, ಬಿರುಸಾಗಿ" ಎಂದೆ.

"ಬ್ಯಾಡ್ರಿ ಮಾಸ್ತರ. ನಾ ಬರದೇನಿ." ಪಾಟಿಯ ಕೆಳಗಿಂದ ಕಾಗದ ತೆಗೆದು ಕೊಟ್ಟಳು. ಅವೇ ಆರು ಸಾಲು. ಮೂವತ್ತೊಂದು ಇದ್ದವರು ಈಗ ಒಂಬತ್ತು ಎಂದಿತ್ತು. ಅದನ್ನು ನನ್ನ ಕೈಯಿಂದ ಇಸಿದುಕೊಂಡು, ಮಾಬೂಬಿ ಹೋದ ದಾರಿಯ ಕಡೆ ಒಮ್ಮೆ ನೋಡಿ, ಎಂಟು ಎಂದು ತಿದ್ದಿದಳು. ಐದನೆಯ ಸಾಲು, ಕೀಲಿಕೈ ತಿರುಗಿ ಕೊಡಿ. ಆರನೆಯದು, ಕಮ್ ಅಂಡ್ ಸೀ.

"ತಿದ್ದಾಕ ಕೊಡಾಕತ್ತಿಲ್ರಿ. ನೀವು ಹೆಂಗೂ ವಿಜಾಪುರಕ್ಕ ಹೊಂಟೀರಿ. ಸಾಹೇಬರ ಕೈಯಾಗ ಕೊಟ್ಟಬಿಡ್ರಿ. ಟಪಾಲಿಗೆ ಹಾಕಿದ್ರ ಹಣಮಂತಪ್ಪ ಓದಿ ಹೇಳ್ತಾನ, ಅವರು ಓದೂದಿಲ್ಲ."

ಇದಕ್ಕಿಂತ ಜೋರಾಗಿ ಬೈಯಲು ಬರುತ್ತದೆಯೇ? ಕಾಗದದಲ್ಲಿ ಒಂದು ಕಡೆ ಇಂಗ್ಲಿಷ್ ತಪ್ಪಿತ್ತು. ನನ್ನ ಕೈ ತಾನಾಗಿ ಕಿಸೆಯ ಪೆನ್ನಿಗೆ ಹೋಯಿತು. ತಡೆದುಕೊಂಡೆ.

ಶನಿವಾರ ಮಧ್ಯಾಹ್ನ ಕಚೇರಿಗೆ ಹೋದೆ. ಒಂದೂವರೆ ತಾಸು ಬೆಂಚಿನ ಮೇಲೆ ಕೂತೆ, ಎದ್ದೆ, ಅಡ್ಡಾಡಿದೆ, ಮತ್ತೆ ಕೂತೆ. ಸಾಹೇಬರ ಮುಂದೆ ನಿಂತು ಬಾಯಿ ತೆರೆದರೆ ಬಂದದ್ದೇನು? "ಸರ್, ಐ ಮೋಸ್ಟ್ ರಿಸ್ಪೆಕ್ಟ್‌ಫುಲಿ ಬೆಗ್..." ನನ್ನ ಕಿವಿಗೇ ಕೇಳಿಸಿತು. ಊಟಕ್ಕೆ ಮೊದಲು ಕೈ ತೊಳೆಯುವ ಹಾಗೆ ಅದು ಬಂದೇಬಿಟ್ಟಿತು. ಅಂಥ ಮಾತನ್ನು ದಿನಾ ಕೇಳುವ ಸಾಹೇಬರು ತಲೆ ಎತ್ತದೆ ಕೈ ಚಾಚಿದರು. ನಾನು ಬಾಯಿ ಮುಚ್ಚಿ ಕಾಗದ ಕೊಟ್ಟೆ.

ಓದಿದರು. ಮತ್ತೆ ಓದಿದರು. ತಲೆ ಎತ್ತಿದರು.

"ಈಕೆಗೆ ಇಂಗ್ಲಿಷ್ ಕಲಿಸಿದವರು ಯಾರು?" ಎಂದು ಕೇಳಿದರು. ಸಿಟ್ಟೋ ಮೆಚ್ಚಿಕೆಯೋ ತಿಳಿಯಲಿಲ್ಲ.

"ನಾನೇ ಸರ್. ಮೂರನೇ ಇಯತ್ತೆಯವರೆಗೆ ಮಾತ್ರ" ಎಂದೆ.

ಇಂಥ ಅರ್ಜಿ ತಾವು ನೋಡಿಲ್ಲ ಎಂದರು. ತಮ್ಮ ಮುಂದೆ ಬಂದ ಪಟ್ಟಿಯಲ್ಲಿ ಬರೀ ಕೋಣೆ ಎಂದಿತ್ತು, ಅಲ್ಲೊಂದು ಶಾಲೆ ನಡೆಯುತ್ತಿತ್ತು ಎನ್ನುವುದು ಮೊದಲಿನ ಅರ್ಜಿಯಿಂದಲೂ ತಮಗೆ ಗೊತ್ತಾಗಲಿಲ್ಲ, ಕೋಣೆಯ ಬಗ್ಗೆ ಯಾರೋ ಏನೋ ವಿನಂತಿ ಮಾಡಿಕೊಂಡಿದ್ದಾರೆ ಅಂದುಕೊಂಡೆವು ಎಂದರು. (ಶಾಲೆ ಎನ್ನುವ ಮಾತನ್ನು ನಾನು ಎರಡನೇ ಪುಟಕ್ಕೆ ತಳ್ಳಿದ್ದೆ.) ಆಮೇಲೆ ನೀಲಿ ಪೆನ್ಸಿಲ್ಲಿನಿಂದ ಮೂಲೆಯಲ್ಲಿ "ಮಂಗಳವಾರ" ಎಂದು ಬರೆದುಕೊಂಡರು. ಬರುತ್ತಾರೆ. ನೋಡುತ್ತಾರೆ. ತಾಯಿಯರನ್ನು ಅಲ್ಲೇ ನಿಲ್ಲಿಸಿ ಕೇಳುತ್ತಾರೆ. ಕೋಣೆ ಶಾಲೆಗೋ ಜೋಳಕ್ಕೋ ಅಲ್ಲೇ ನಿಂತು ತೀರ್ಮಾನ.

"ನೀವೂ ಇರಿ. ಅವರು ಹೇಳಿದ್ದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಬೇಕು. ನಿಮಗೆ ಬರಲಾಗದಿದ್ದರೆ ಕಾರಕೂನ ಇದ್ದಾನೆ" ಎಂದರು.

ಕಾರಕೂನ ಎಂದರೆ ಹಣಮಂತ. ಮಾಬೂಬಿ "ಬಯಲಾಗ ಕಳಸಂಗಿಲ್ಲ" ಅನ್ನುತ್ತಾಳೆ. ಹಣಮಂತ ಅದನ್ನು ಕೇಳಿಕೊಂಡು, ಕೈ ಕಟ್ಟಿಕೊಂಡು, "ಈ ಹೆಂಗಸು ಅತ್ಯಂತ ವಿನಮ್ರಳಾಗಿ, ತಮಗೆ ಅನುಕೂಲವಿದ್ದಲ್ಲಿ" ಎಂದು ಶುರುಮಾಡುತ್ತಾನೆ. ಕೆಟ್ಟ ಮನಸ್ಸಿನಿಂದಲ್ಲ. ಅವನಿಗೆ ಗೊತ್ತಿರುವ ಇಂಗ್ಲಿಷೇ ಅದು. ಕೊಟ್ಟವನು ನಾನು.

ಆದ್ದರಿಂದ ನಾನು ಹೋಗಲೇಬೇಕು. ಹೋಗಬೇಕಾದರೆ ಶಾಲೆಯಿಂದ ರಜೆ ಬೇಕು. ರಜೆಗೆ ಅರ್ಜಿ ಬೇಕು.

ಇಪ್ಪತ್ತೆರಡು ವರ್ಷದಲ್ಲಿ ನನಗೆ ಎಷ್ಟು ಸಲ ಜ್ವರ ಬಂದಿದೆಯೋ ಲೆಕ್ಕವಿಲ್ಲ. ಎಲ್ಲ ಕಾಗದದ ಮೇಲೆ. ಅಕ್ಕನ ಮಗಳ ಲಗ್ನಕ್ಕೆ ಹೋದರೂ ಜ್ವರ, ಕಾಖಂಡಕಿಯ ಹೊಲ ನೋಡಿ ಬರಲು ಹೋದರೂ ಜ್ವರ. ಬೇಡುವವನು ಕಾಯಿಲೆಯವನಾದರೆ ಚಂದ ಎಂದು ನಮಗೆ ಯಾರು ಕಲಿಸಿದರೋ. ಇವತ್ತು, ಸೋಮವಾರ, ಬೆಳಿಗ್ಗೆ ನಾನು ಇಂಗ್ಲಿಷಿನಲ್ಲಿ ಮೂರೇ ಸಾಲು ಬರೆದೆ. ಮಂಗಳವಾರ ನಾನು ಬರುವುದಿಲ್ಲ. ಬಬಲೇಶ್ವರಕ್ಕೆ ಹೋಗುತ್ತೇನೆ. ಅಲ್ಲಿ ನನಗೆ ಕೆಲಸವಿದೆ. ಕೆಳಗೆ ಹೆಸರು. ಹೊಸದಾಗಿ ಈಜು ಬಿದ್ದವನ ಹಾಗೆ ಖುಷಿಯಾಯಿತು.

ಎರಡು ತಾಸಿನ ಮೇಲೆ ಹೆಡ್‌ಮಾಸ್ತರರು ಕರೆಸಿದರು. ಒಳ್ಳೆಯ ಮನುಷ್ಯ, ನನಗಿಂತ ಹಿರಿಯರು. "ಮಾಸ್ತರ, ಆರಾಮ ಇದ್ದೀರಿಲ್ಲೋ?" ಎಂದರು. ಇದ್ದೇನೆ ಎಂದೆ. "ಆರಾಮಿದ್ದವರು ಹಿಂಗ ಬರೀತಾರೇನ್ರಿ? ರಜಾ ಕೊಡಾಕ ನನಗೇನೂ ಅಡ್ಡಿಯಿಲ್ಲ. ಆದ್ರ ನಾಳೆ ಈ ಕಾಗದ ಯಾರರ ನೋಡಿದ್ರ, ಇಂಗ್ಲಿಷ್ ಮಾಸ್ತರಿಗೇ ಅರ್ಜಿ ಬರಿಯಾಕ ಬರೂದಿಲ್ಲ ಅಂತಾರ. ನಕಲು ತಗದು ಕೊಡ್ರಿ, ಮಂಜೂರು ಮಾಡ್ತೀನಿ."

ಕಾಗದ ಕೈಗೆ ಕೊಟ್ಟರು. ಕೆಂಪು ಮಸಿಯಿಂದ ತಿದ್ದಿತ್ತು. ಮೊದಲ ಸಾಲಿನಲ್ಲಿ ಬೆಗ್, ಎರಡನೆಯದರಲ್ಲಿ ಕೈಂಡ್ಲಿ, ಕೊನೆಗೆ ವಿಧೇಯ ಸೇವಕ. ಒಂದು ಜ್ವರವನ್ನೂ ಸೇರಿಸಿದ್ದರು. ಅಕ್ಷರ ಮುತ್ತಿನಂತಿವೆ.

ಆ ಕಾಗದ ಈಗ ನನ್ನ ಮುಂದಿದೆ, ಪಕ್ಕದಲ್ಲಿ ಖಾಲಿ ಹಾಳೆ. ಈ ಪತ್ರಿಕೆ ಬುಧವಾರ ನಿಮ್ಮ ಕೈ ಸೇರುವಾಗ ಮಂಗಳವಾರ ಮುಗಿದಿರುತ್ತದೆ. ನಕಲು ತೆಗೆದರೆ ರಜೆ ಸಿಗುತ್ತದೆ, ಮೋಟರ್ ಸಿಗುತ್ತದೆ, ಬೇವಿನ ಗಿಡದ ಕೆಳಗೆ ನಿಲ್ಲಲು ಜಾಗವೂ ಸಿಗುತ್ತದೆ. ತೆಗೆಯದಿದ್ದರೆ ರಜೆಯಿಲ್ಲ, ಅಲ್ಲಿ ನನ್ನ ಬದಲು ಹಣಮಂತ ನಿಂತಿರುತ್ತಾನೆ. ಮೂರು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ.

ಇಲ್ಲಿ ಬೇಡಿ ಹೊರಟವನ ಬಾಯಿಂದ, ಅಲ್ಲಿ ಮಾಬೂಬಿಯ "ಕಳಸಂಗಿಲ್ಲ" ಎಂಬ ಮಾತು ಹಾಗೇ ಹೊರಬಿದ್ದೀತೇ?